ಬೇಕರಿ ಗೋದಾಮಿಗೆ ಬಾರ್‌ಕೋಡ್ ಸೆಟ್: ಬಹುಕಾಲ ಬಳಸಿದ ಮೇಲೆ

ಬ್ರೆಡ್, ಬನ್, ರಸ್ಕ್, ಫ್ರೋಜನ್ ಪಫ್ ಎಲ್ಲವೂ ಒಂದೇ ಗೋದಾಮಿನಿಂದ ರಾತ್ರೋರಾತ್ರಿ ರೂಟ್ ಗಾಡಿ ಹತ್ತುವ ಕಡೆ ಹ್ಯಾಂಡ್‌ಹೆಲ್ಡ್ ಸ್ಕ್ಯಾನರ್, ಲೇಬಲ್ ಪ್ರಿಂಟರ್, ಸ್ಟಾಕ್ ಸಾಫ್ಟ್‌ವೇರ್ ಸೇರಿದ ಈ ಸೆಟ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಎಲ್ಲರೂ ಸ್ಕ್ಯಾನರ್ ನೋಡಿ ಕೊಳ್ಳುತ್ತಾರೆ. ದಿನಾ ಕೈಕೊಡುವುದು ಲೇಬಲ್.

ಡೈರೆಕ್ಟ್ ಥರ್ಮಲ್ ರೋಲ್ ಅಂದರೆ ಬಿಸಿ ತಾಗಿದ ಕಡೆ ತಾನೇ ಕಪ್ಪಾಗುವ ಕಾಗದ; ಅದಕ್ಕೆ ಶಾಯಿ ರಿಬ್ಬನ್ ಬೇಡ, ಅಗ್ಗ. ಓವನ್ ಪಕ್ಕದ ಬಿಸಿಗೆ ಕಾಗದವೇ ಕಪ್ಪಾಗುತ್ತದೆ, ಎಣ್ಣೆ ಕೈ ತಾಗಿದರೆ ಗೆರೆ ಮಾಸುತ್ತದೆ. ಅದೇ ದಿನ ಹೊರಡುವ ಬ್ರೆಡ್ ಕ್ರೇಟಿಗೆ ಅಷ್ಟು ಸಾಕು. ರಸ್ಕ್ ಪೆಟ್ಟಿಗೆಗೆ ರಿಬ್ಬನ್ ಮುದ್ರಣವೇ ಆಗಬೇಕು. ಮೈನಸ್ 18 ಡಿಗ್ರಿಯ ಫ್ರೀಜರ್‌ಗೆ ಅದರ ಜೊತೆ ಫ್ರೀಜರ್ ಅಂಟಿನ ಲೇಬಲ್ ತನ್ನಿ; ಪೆಟ್ಟಿಗೆ ಒಣಗಿದ್ದಾಗ, ಒಳಗಿಡುವ ಮೊದಲೇ ಅಂಟಿಸಿ.

ಪ್ರಿಂಟರ್ ಹೆಡ್‌ನಲ್ಲಿ ಮುದ್ರಿಸುವ ಬಿಸಿ ಚುಕ್ಕೆಗಳಲ್ಲಿ ಒಂದು ಸುಟ್ಟುಹೋದರೆ ಲೇಬಲ್ ಉದ್ದಕ್ಕೂ ಬಿಳಿ ಗೆರೆ ಬೀಳುತ್ತದೆ. ಬಾರ್‌ಗಳು ಕಾಗದ ಓಡುವ ದಿಕ್ಕಿನಲ್ಲೇ ಇದ್ದರೆ ಒಂದು ಬಾರ್ ಪೂರ್ತಿ ಮಾಯವಾಗಿ ಕೋಡ್ ಓದುವುದೇ ಇಲ್ಲ. ಏಣಿ ಮೆಟ್ಟಿಲಿನ ಹಾಗೆ ಅಡ್ಡಲಾಗಿ ಮುದ್ರಿಸಿದರೆ ಆ ಗೆರೆ ಬಿದ್ದರೂ ಪಕ್ಕದ ಜಾಗದಲ್ಲಿ ಓದುತ್ತದೆ. ಪ್ರತಿ ರೋಲ್ ಬದಲಿಸುವಾಗ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಸ್ಕ್ಯಾನರ್ ಗಾಜಿನ ಮೇಲೆ ಕೂರುವ ಮೈದಾ ಧೂಳಿಗೆ ಒಣ ಬಟ್ಟೆ ಸಾಕು.

ಕೋಡಿನಲ್ಲಿ ಐಟಂ ಸಂಖ್ಯೆ ಮಾತ್ರ ಇದ್ದರೆ ಅರ್ಧ ಕೆಲಸ. ಜಿಎಸ್1-128 ಎಂಬ ಬಾರ್‌ಕೋಡ್ ಮಾದರಿಯಲ್ಲಿ ಪ್ರತಿ ಮಾಹಿತಿಯ ಮೊದಲು ಅದು ಏನೆಂದು ಹೇಳುವ ಸಂಖ್ಯೆ ಇರುತ್ತದೆ; 01 ಐಟಂ, 15 ಬೆಸ್ಟ್ ಬಿಫೋರ್, 10 ಬ್ಯಾಚ್ ಮೂರನ್ನೂ ಹಾಕಿಸಿ. ಬ್ಯಾಚ್ ಸಂಖ್ಯೆಯ ಉದ್ದ ಬದಲಾಗುವುದರಿಂದ ಅದು ಕೊನೆಯಲ್ಲೇ ಇರಲಿ. ನಡುವೆ ಇಟ್ಟು, ಸಂಖ್ಯೆ ಇಲ್ಲಿಗೆ ಮುಗಿಯಿತು ಎನ್ನುವ ಎಫ್‌ಎನ್‌ಸಿ1 ಗುರುತು ಮರೆತರೆ ಅದರ ನಂತರ ಬರುವ ದಿನಾಂಕವೂ ಬ್ಯಾಚ್ ಸಂಖ್ಯೆಗೇ ಸೇರಿಹೋಗುತ್ತದೆ.

ಸಾಫ್ಟ್‌ವೇರ್ ‘ಮೊದಲು ಬಂದದ್ದು ಮೊದಲು’ ಸೆಟ್ಟಿಂಗ್‌ನಲ್ಲೇ ಬರುತ್ತದೆ. ಬೇಕರಿಗೆ ಅದು ಸಲ್ಲದು, ‘ಮೊದಲು ಅವಧಿ ಮುಗಿಯುವುದು ಮೊದಲು’ ಎಂದು ಬದಲಿಸಲೇಬೇಕು. ಫ್ರೀಜರ್‌ನಿಂದ ತೆಗೆದು ಕರಗಿಸಿದ ಬನ್ನಿಗೆ ಹೊಸ ಲೇಬಲ್ ಬೇಕು. ಅದರ ಬಾಳಿಕೆ ಇನ್ನು ಕೆಲವೇ ದಿನ. ಹಳೇ ಲೇಬಲ್ ಇದ್ದರೆ ಪರದೆ ಮೇಲೆ ತಿಂಗಳುಗಳು ಬಾಕಿ ಎಂದೇ ತೋರುತ್ತದೆ.

ಖಾಲಿ ಕ್ರೇಟ್ ವಾಪಸಾತಿಯ ಲೆಕ್ಕ ಮಾತ್ರ ಈ ಸೆಟ್‌ನಲ್ಲಿ ಸೊರಗಿದೆ. ಪ್ರತಿ ಕ್ರೇಟಿಗೂ ಅಳಿಸದ ಪ್ರತ್ಯೇಕ ಕೋಡ್ ಬೇಕು, ಅದು ಬೇರೆ ಖರ್ಚು.

ದೋಷವಿರುವ ಮಾಲನ್ನು ಅಂಗಡಿಗಳಿಂದ ವಾಪಸ್ ಕರೆಸಬೇಕಾದಾಗ ಇದರ ನಿಜವಾದ ಬೆಲೆ ಗೊತ್ತಾಗುತ್ತದೆ. ಮೈದಾ ಮೂಟೆಯ ಲಾಟ್ ಸಂಖ್ಯೆಯನ್ನು ಹಿಟ್ಟು ಕಲಸುವಾಗಲೇ ಬ್ಯಾಚಿಗೆ ಜೋಡಿಸಿದ್ದರೆ, ಆ ಲಾಟಿನ ಬ್ರೆಡ್ ಯಾವ ಗಾಡಿಯಲ್ಲಿ ಯಾವ ಅಂಗಡಿಗೆ ಹೋಯಿತೆಂಬ ಪಟ್ಟಿ ನಿಮಿಷಗಳಲ್ಲಿ ಕೈಗೆ ಬರುತ್ತದೆ.