ಅಡುಗೆಮನೆ ನೆಲಕ್ಕೆ ಹಳೇ ಫ್ರೆಂಚ್ ಟೈಲ್ಸ್: ಮೂರು ಬಗೆಯನ್ನೂ ಹಾಕಿ ನೋಡಿದ ಮೇಲೆ

ಫ್ರಾನ್ಸ್‌ನಲ್ಲಿ ಹಳೇ ಮನೆ ಕೆಡವುವಾಗ ನೆಲದ ಒಳ್ಳೇ ಟೈಲ್ಸನ್ನು ಹುಷಾರಾಗಿ ಕಿತ್ತು ಮಾರುತ್ತಾರೆ. ಹಳೇ ಬಾಗಿಲು, ತೊಲೆ, ಟೈಲ್ಸ್‌ಗೆಂದೇ ದೊಡ್ಡ ದೊಡ್ಡ ಯಾರ್ಡ್‌ಗಳಿವೆ. ಲಿಯೋನ್ ಹತ್ತಿರದ ನಮ್ಮ ಮನೆಗೆ ಅಂಥ ಕಡೆಯಿಂದಲೇ ಮೂರು ಬಗೆ ತಂದೆವು: ಪಾರೇ-ಲ-ಮೊನಿಯಾಲ್‌ನ ಸೆರಾಮಿಕ್, ಅರ್ದೆಶ್ ಕಡೆಯ ಸಿಮೆಂಟ್ ಟೈಲ್, ಪ್ರೊವಾನ್ಸ್‌ನ ತೊಮೆತ್ ಅನ್ನುವ ಆರು ಮೂಲೆಯ ಕೆಂಪು ಮಣ್ಣಿನ ಟೈಲ್. ಯಾರ್ಡ್‌ನಲ್ಲಿ ನೋಡಿದರೆ ಮೂರೂ ಚೆಂದವೇ. ಆದರೆ ಒಗ್ಗರಣೆ ಸಿಡಿಯುವ, ಹುಣಸೆ ರಸ ಚೆಲ್ಲುವ ನಮ್ಮಂಥವರ ಅಡುಗೆಮನೆಗೆ ಪಾರೇ ಟೈಲೇ ಸರಿ.

ಪಾಲ್ ಶಾರ್ನೋ ಅನ್ನುವವರು 1877ರಲ್ಲಿ ಪಾರೇ-ಲ-ಮೊನಿಯಾಲ್ ಊರಲ್ಲಿ ಟೈಲ್ ಕಾರ್ಖಾನೆ ಶುರುಮಾಡಿದರು. ಅಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ. ಕೊಳ್ಳುವ ಮುಂಚೆ ಹೋಗಿ ನೋಡಿಬನ್ನಿ, ಕಣ್ಣು ಪಳಗುತ್ತದೆ. ಬಣ್ಣಬಣ್ಣದ ಮಣ್ಣಿನ ಪುಡಿಯನ್ನು ಅಚ್ಚಿಗೆ ತುಂಬಿ, ಗಟ್ಟಿಯಾಗಿ ಒತ್ತಿ, 1,200 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಸುಡುತ್ತಿದ್ದರು. ಆ ಬಿಸಿಗೆ ಮಣ್ಣಿನೊಳಗಿನ ಸಣ್ಣ ತೂತುಗಳು ಹೆಚ್ಚುಕಡಿಮೆ ಮುಚ್ಚಿಹೋಗುತ್ತವೆ. ಚಿತ್ತಾರ ಮೇಲೆ ಬಳಿದದ್ದಲ್ಲ, ಕೆಲವು ಮಿಲಿಮೀಟರ್ ಒಳಗೆ ಇಳಿದಿರುತ್ತದೆ. ಅಷ್ಟು ವರ್ಷ ಜನ ತುಳಿದರೂ ಹೂವಿನ ಅಂಚು ಚೂಪಾಗಿಯೇ ಇರುವುದು ಅದಕ್ಕೇ.

ನೆಲಕ್ಕೆ ಹಾಕುವ ಮೊದಲು ಮೂರು ಬಗೆಯ ಒಂದೊಂದು ಒಡೆದ ತುಂಡನ್ನು ಕಿಟಕಿ ಹತ್ತಿರ ಇಟ್ಟೆ. ಬಿಸಿ ಎಣ್ಣೆಗೆ ಅರಿಶಿನ ಕದಡಿ ಒಂದೊಂದು ಚಮಚ ಸುರಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪಾತ್ರೆ ಸೋಪಿನಲ್ಲಿ ಒರೆಸಿದರೆ ಪಾರೇ ಟೈಲಿನ ಮೇಲಿನ ಹಳದಿ ಪೂರ್ತಿ ಹೋಯಿತು. ಸಿಮೆಂಟ್ ಟೈಲಿನ ಬಿಳಿ ಎಸಳಿನೊಳಗೆ ಎಣ್ಣೆ ಹರಡಿಕೊಂಡಿತ್ತು. ಎಷ್ಟು ತಿಕ್ಕಿದರೂ ಕಲೆ ಮಸುಕಾಯಿತೇ ಹೊರತು ಹೋಗಲಿಲ್ಲ. ತೊಮೆತ್ ಎಣ್ಣೆಯನ್ನೆಲ್ಲ ಕುಡಿದು, ಅಲ್ಲೊಂದು ಕಪ್ಪು ಮಚ್ಚೆ ಉಳಿಸಿಕೊಂಡಿತ್ತು. ಆಮೇಲೆ ನಿಂಬೆ ಹಿಂಡಿದೆ. ಸಿಮೆಂಟಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಒರೆಸಿ ಬೆರಳಾಡಿಸಿದರೆ ಆ ಜಾಗ ಒರಟು. ಪಾರೇ ಟೈಲಿಗೆ ಏನೂ ಆಗಿರಲಿಲ್ಲ.

ಹಾಗಂತ ಸಿಮೆಂಟ್ ಟೈಲನ್ನು ಬೈಯಲು ನನಗೆ ಮನಸ್ಸಿಲ್ಲ. 19ನೇ ಶತಮಾನದ ನಡುವಿನಲ್ಲಿ ರೋನ್ ನದಿ ದಡದ ವಿವಿಯೇ ಸುತ್ತ ಇದರ ತಯಾರಿಕೆ ಬೆಳೆಯಿತು. ಸುಣ್ಣ, ಸಿಮೆಂಟಿನ ಕಾರ್ಖಾನೆಗಳು ಅಲ್ಲೇ ಹತ್ತಿರ. ಇದನ್ನು ಸುಡುವುದೇ ಇಲ್ಲ, ಪ್ರೆಸ್‌ನಲ್ಲಿ ಒತ್ತಿ ಗಟ್ಟಿಯಾಗಲು ಬಿಡುತ್ತಾರೆ. ಚೆಟ್ಟಿನಾಡಿನ ಆತಂಗುಡಿ ಟೈಲ್ ನೋಡಿದವರಿಗೆ ಇದು ಹೊಸದೇನಲ್ಲ. ಬಣ್ಣಕ್ಕೆ ಮಾತ್ರ ಇದೇ ನನಗೆ ಎಲ್ಲಕ್ಕಿಂತ ಇಷ್ಟ. ಕಣ್ಣಿಗೆ ಹೊಡೆಯದ ನೀಲಿ, ಮಣ್ಣುಗೆಂಪು. ನಡುಮನೆ ದಾಟಿ ಹೋಗುವ ಪ್ಯಾಸೇಜಿಗೆ ಸೀಲರ್ ಬಳಿದು ಹಾಕಿದ್ದೇವೆ. ಊರಿಂದ ಬಂದ ಅತ್ತೆ ಬರಿಗಾಲಲ್ಲಿ ಓಡಾಡಿ, “ನಮ್ಮನೆ ರೆಡ್ ಆಕ್ಸೈಡ್ ನೆಲದ ಹಾಗೇ ಇದೆ ಕಣಮ್ಮಾ” ಅಂದರು.

ಒಬ್ಬ ವ್ಯಾಪಾರಿ ಸಿಮೆಂಟ್ ಟೈಲನ್ನೇ ಸೆರಾಮಿಕ್ ಅಂತ ನಮಗೆ ಮಾರಲು ನೋಡಿದ. ಗುರುತು ಹಿಡಿಯುವುದು ಕಷ್ಟವೇನಲ್ಲ. ಅಡ್ಡ ಅಂಚು ನೋಡಿ: ಬಣ್ಣದ ಪದರದ ಕೆಳಗೆ ಮರಳು ಮರಳಾದ ಬೂದು ಸಿಮೆಂಟ್ ಕಂಡರೆ ಅದು ಸುಟ್ಟ ಟೈಲ್ ಅಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಸೆರಾಮಿಕ್ ಠಣ್ ಅನ್ನುತ್ತದೆ, ಸಿಮೆಂಟ್ ಮಂದವಾಗಿ ದಬ್ ಅನ್ನುತ್ತದೆ. ಹಿಂಬದಿ ತಿರುಗಿಸಿದರೆ ಪಾರೇ ಟೈಲಿನಲ್ಲಿ ಎಷ್ಟೋ ಸಲ ಊರಿನ ಹೆಸರೇ ಅಚ್ಚಾಗಿರುತ್ತದೆ.

ತೊಮೆತ್‌ಗೆ ಪ್ರೊವಾನ್ಸ್‌ನ ಸಲೆರ್ನ್ ಹೆಸರುವಾಸಿ. ಬೇಸಿಗೆಗೆ ಹೇಳಿಮಾಡಿಸಿದ್ದು. ಆದರೆ ಅಗಸೆ ಎಣ್ಣೆ, ಜೇನುಮೇಣ ಅಂತ ಆಗಾಗ ಆರೈಕೆ ಕೇಳುತ್ತದೆ. ಮಹಡಿ ಮೇಲಿನ ಮಲಗುವ ಕೋಣೆಗೆ ಹಾಕಿದೆವು, ಅಲ್ಲಿ ಚೆನ್ನಾಗಿದೆ.

ಹಳೇ ಟೈಲಿನಲ್ಲಿ ಖರ್ಚಿಗಿಂತ ಜಾಸ್ತಿ ಕಾಡುವುದು ಹಿಂಬದಿಗೆ ಅಂಟಿದ ಗಾರೆ ಕೀಳುವ ಕೆಲಸ. ಹಳೇ ಗಾರೆ ಸುಣ್ಣದ್ದಾಗಿದ್ದರೆ ಉಳಿ, ಸುತ್ತಿಗೆ ಸಾಕು, ಪುಡಿಪುಡಿಯಾಗಿ ಉದುರುತ್ತದೆ. ಸಿಮೆಂಟ್ ಗಾರೆಯಾದರೆ ಅದು ಬಿಡುವ ಮೊದಲು ಟೈಲೇ ಒಡೆಯುತ್ತದೆ. ಅಂಥ ಲಾಟ್ ಎಷ್ಟೇ ಅಗ್ಗವಾದರೂ ಬೇಡ ಅನ್ನಿ. ಇನ್ನೊಂದು ವಿಷಯ, ಒಂದೇ ಚಿತ್ತಾರದ ಹಳೇ ಟೈಲ್‌ಗಳಲ್ಲೂ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಇರುತ್ತದೆ. ಅಳೆದು ಗುಂಪು ಮಾಡಿಕೊಂಡು ಹಾಕದಿದ್ದರೆ ಸಾಲು ಸೊಟ್ಟಗಾಗುತ್ತದೆ. ಪಾರೇ ಟೈಲ್ ಕತ್ತರಿಸಲು ನೀರು ಬಿಟ್ಟುಕೊಂಡು ಡೈಮಂಡ್ ಬ್ಲೇಡ್‌ನಲ್ಲೇ ಕೊಯ್ಯಬೇಕು. ಸಿಮೆಂಟ್ ಟೈಲ್ ಅಷ್ಟು ಕಾಡುವುದಿಲ್ಲ. ಒಡೆಯುವುದಕ್ಕೂ ಮುಂದಿನ ರಿಪೇರಿಗೂ ಸೇರಿ 10-15 ಶೇಕಡಾ ಜಾಸ್ತಿಯೇ ಕೊಳ್ಳಿ. ಅದೇ ಚಿತ್ತಾರ ಆಮೇಲೆ ಹುಡುಕಿದರೆ ಸಿಗುವುದು ಕಷ್ಟ.

ಚಿತ್ತಾರದ ಪಾರೇ ಟೈಲ್ ದುಬಾರಿ, ಒಂದೇ ಬಣ್ಣದ್ದು ಅಷ್ಟಿಲ್ಲ. ಅದಕ್ಕೇ ಅಡುಗೆಮನೆಯ ನಡುವೆ ಮಾತ್ರ ಚಿತ್ತಾರ ಹಾಕಿಸಿ, ಕಪಾಟಿನ ಕೆಳಗೂ ಗೋಡೆ ಬದಿಗೂ ಸಾದಾ ಟೈಲ್ ಓಡಿಸಿದೆವು. ಬಚ್ಚಲಿಗೆ ಮೂರನ್ನೂ ಹಾಕಲಿಲ್ಲ. ತುಳಿದು ತುಳಿದು ನುಣುಪಾದ ಹಳೇ ಪಾರೇ ಟೈಲ್ ಸೋಪಿನ ನೀರು ಬಿದ್ದರೆ ಜಾರುತ್ತದೆ. ವಯಸ್ಸಾದವರು ಬಂದು ಇರುವ ಮನೆ, ಅಲ್ಲಿಗೆ ಒರಟು ಮೈಯ ಹೊಸ ಟೈಲೇ ಇರಲಿ ಅಂದುಕೊಂಡೆವು.