ಬಣ್ಣ ಹೇಳುವ ಆಟದ ಆ್ಯಪ್: ನನ್ನಿಂದ ನಾಲ್ಕು ಸ್ಟಾರ್

ಎರಡು ವಾರದಿಂದ ಮನೆಯಲ್ಲಿ ಈ ಆಟದ್ದೇ ಗಲಾಟೆ. ‘ಕೆಂಪು’ ಎಂಬ ಪದ ನೀಲಿ ಬಣ್ಣದಲ್ಲಿ ಬರುತ್ತದೆ. ನಾವು ‘ನೀಲಿ’ ಅನ್ನಬೇಕು. ಎಷ್ಟು ಗಟ್ಟಿ ಮನಸ್ಸು ಮಾಡಿ ಕೂತರೂ ಬಾಯಿಗೆ ‘ಕೆಂ...’ ಅಂತಲೇ ಬರುತ್ತದೆ.

ಇದರ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗ. ಬರೀ ಬಣ್ಣದ ಚೌಕಗಳಾದರೆ 100 ಹೇಳಲು ಸುಮಾರು 63 ಸೆಕೆಂಡ್. ಬಣ್ಣಕ್ಕೆ ಹೊಂದದ ಪದಗಳಾದರೆ ಸುಮಾರು 110 ಸೆಕೆಂಡ್.

ಭಾಷೆ ಬದಲಿಸುವ ಸೌಲಭ್ಯ ನನಗೆ ತುಂಬಾ ಹಿಡಿಸಿತು. ಕನ್ನಡದಲ್ಲಿ ತಡವರಿಸಿದೆ. ತಮಿಳು ಅಕ್ಷರ ನನಗೆ ಬರುವುದಿಲ್ಲ, ಅದಕ್ಕೆ ಅದು ಸರಸರ ಮುಗಿಯಿತು. ಒಂದನೇ ಕ್ಲಾಸಿನ ಮಗಳು ಇನ್ನೂ ‘ಕೆ... ಸೊನ್ನೆ... ಪು’ ಅಂತ ಬೆರಳಿಟ್ಟು ಓದುವವಳು. ಕನ್ನಡದಲ್ಲೂ ಅವಳೇ ಗೆದ್ದಳು! ಓದು ಪಳಗಿದವರಿಗೇ ಕಷ್ಟ ಜಾಸ್ತಿ ಅಲ್ವಾ?

ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣವಿದೆ. ‘ಓದುವುದನ್ನು ಯಾರೂ ತಡೆಯಲಾರರು’ ಅಂತ ಸಹಾಯ ಪುಟದಲ್ಲಿ ಬರೆದಿದ್ದಾರೆ. ಅಷ್ಟು ಖಡಾಖಂಡಿತವಾಗಿ ಹೇಳಬಾರದು. 1997ರಲ್ಲಿ ಬೆಸ್ನರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಪದದ ಒಂದೇ ಅಕ್ಷರಕ್ಕೆ ಬಣ್ಣ ಹಾಕಿ ತೋರಿಸಿದರು. ಆಗ ಈ ತೊಡಕು ತುಂಬಾ ಕಮ್ಮಿಯಾಯಿತು. ಗಮನ ಇಡೀ ಪದದ ಮೇಲಿದೆಯೋ, ಒಂದು ಅಕ್ಷರದ ಮೇಲಿದೆಯೋ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆ ಆಟವನ್ನೂ ದಯವಿಟ್ಟು ಸೇರಿಸಿ. ‘ಕೆಂಪು’ವಿನಲ್ಲಿ ‘ಪು’ ಮಾತ್ರ ನೀಲಿಯಾದರೆ ನನ್ನ ನಾಲಿಗೆ ಏನು ಮಾಡುತ್ತದೋ ನೋಡಬೇಕು.

ಸುತ್ತುಗಳ ನಡುವೆ ಬರುವ ಜಾಹೀರಾತನ್ನೂ ತೆಗೆಯಿರಿ.