ಬೈಬಲ್ ಓದಲು ಮೂರು ದಾರಿ: ಹೊಸಬರಿಗೆ ನಾನು ಒಡಂಬಡಿಕೆಯ ದಾರಿಯನ್ನೇ ಯಾಕೆ ಹೇಳುತ್ತೇನೆ

ಕಥೋಲಿಕರ ಬೈಬಲಿನಲ್ಲಿ 73 ಗ್ರಂಥಗಳಿವೆ. ಹಳೆಯ ಒಡಂಬಡಿಕೆ ಎನ್ನುವ ಮೊದಲ ಭಾಗದಲ್ಲಿ 46, ಹೊಸ ಒಡಂಬಡಿಕೆ ಎನ್ನುವ ಎರಡನೆಯ ಭಾಗದಲ್ಲಿ 27. ಇಷ್ಟು ದಪ್ಪ ಪುಸ್ತಕವನ್ನು ಎಲ್ಲಿಂದ ಶುರು ಮಾಡೋದು ಅಂತ ನಮ್ಮ ಸಾಗರದ ಕಡೆ ಮನೆಗಳಲ್ಲಿ ನಡೆಯುವ ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ನಾನು ಮೂರು ರೀತಿಯಲ್ಲಿ ಓದಿ ನೋಡಿದ್ದೇನೆ. ಮೊದಲ ಪುಟದಿಂದ ಸಾಲಾಗಿ, ಪೂಜೆಯ ವಾಚನಗಳ (ಚರ್ಚಿನ ಪೂಜೆಯಲ್ಲಿ ಓದುವ ಬೈಬಲ್ ಭಾಗಗಳ) ಪ್ರಕಾರ, ಆಮೇಲೆ ಒಡಂಬಡಿಕೆಗಳನ್ನು, ಅಂದರೆ ದೇವರು ಮನುಷ್ಯರಿಗೆ ಮಾತು ಕೊಟ್ಟು ಕಟ್ಟಿದ ಸಂಬಂಧಗಳನ್ನು, ಹಿಡಿದು. ಮೂರರಲ್ಲೂ ಒಳ್ಳೆಯದಿದೆ. ಆದರೆ ಹೊಸಬರ ಕೈಗೆ ಕೊಡುವುದಾದರೆ ನಾನು ಕೊಡುವುದು ಮೂರನೆಯದನ್ನೇ.

ಸಾಲಾಗಿ ಓದುವುದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಆದಿಕಾಂಡ ಕಥೆಯ ಹಾಗೆ ಓದಿಸಿಕೊಂಡು ಹೋಗುತ್ತದೆ. ವಿಮೋಚನಾಕಾಂಡದಲ್ಲಿ ಕೆಂಪು ಸಮುದ್ರ ದಾಟುವವರೆಗೂ ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ. 25ನೇ ಅಧ್ಯಾಯದಿಂದ ದೇವದರ್ಶನದ ಗುಡಾರದ ಅಳತೆ, ಪರದೆ, ಕೊಂಡಿಗಳ ವಿವರ ಬರುತ್ತದೆ. ಹಿಂದೆಯೇ ಯಾಜಕಕಾಂಡ. ಯಾವ ಬಲಿಗೆ ಯಾವ ವಿಧಿ ಎನ್ನುವ ಅಧ್ಯಾಯಗಳು. ನನ್ನ ಓದು ನಿಂತಿದ್ದು ಅಲ್ಲೇ. ನನಗೆ ಗೊತ್ತಿರುವ ಎಷ್ಟೋ ಜನರದ್ದೂ ಅಲ್ಲೇ ನಿಂತಿದೆ. ಆ ವಿಧಿಗಳು ಬೇಡದ್ದು ಅಂತಲ್ಲ, ಯಾಕಾಗಿ ಇವೆ ಎಂದು ಗೊತ್ತಿಲ್ಲದೆ ಓದುವುದು ಕಷ್ಟ.

ಪೂಜೆಯ ವಾಚನಗಳ ದಾರಿ ನನಗೆ ತುಂಬಾ ಪ್ರೀತಿಯದು. ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ ಬಂದ ವ್ಯವಸ್ಥೆ ಇದು. ಭಾನುವಾರಗಳಿಗೆ ಮೂರು ವರ್ಷದ ಸುತ್ತು. ಎ ವರ್ಷ ಮತ್ತಾಯ ಬರೆದ ಶುಭಸಂದೇಶ (ಯೇಸುಸ್ವಾಮಿಯ ಬದುಕು, ಬೋಧನೆಯ ಗ್ರಂಥ), ಬಿ ವರ್ಷ ಮಾರ್ಕನದು, ಸಿ ವರ್ಷ ಲೂಕನದು. ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಪ್ರಧಾನಾಲಯದಲ್ಲಿ ಓದುವ ಭಾಗವನ್ನೇ ಅಂದು ರೋಮಿನಲ್ಲೂ ಓದುತ್ತಾರೆ. ಫಾದರ್ ಪ್ರಬೋಧನೆಯಲ್ಲಿ ಅದನ್ನೇ ಬಿಡಿಸಿ ಹೇಳುತ್ತಾರೆ. ಒಬ್ಬರೇ ಕೂತು ಓದಿದರೆ ಈ ಆಸರೆ ಸಿಗುವುದಿಲ್ಲ.

ತೊಂದರೆ ಏನೆಂದರೆ, ಹಳೆಯ ಒಡಂಬಡಿಕೆ ತುಂಡು ತುಂಡಾಗಿ ಬರುತ್ತದೆ. ಮೊದಲ ವಾಚನವನ್ನು ಸಾಮಾನ್ಯವಾಗಿ ಅಂದಿನ ಶುಭಸಂದೇಶಕ್ಕೆ ಹೊಂದುವಂತೆ ಆರಿಸಿರುತ್ತಾರೆ. ಈ ವಾರ ಯೆಶಾಯ, ಮುಂದಿನ ವಾರ ಅರಸರ ಗ್ರಂಥ. ಯಾರು ಮೊದಲು, ಯಾರು ಆಮೇಲೆ ಅನ್ನುವುದೇ ಹೊಸಬರಿಗೆ ತಿಳಿಯುವುದಿಲ್ಲ. ಇನ್ನು ನಮ್ಮ ಕಡೆಯ ಒಂಟಿ ಮನೆಗಳವರಿಗೆ ಜುಲೈ ಮಳೆಯಲ್ಲಿ ದಿನಾ ಪೂಜೆಗೆ ಹೋಗುವುದು ಆಗದ ಮಾತು. ವಾರದ ದಿನಗಳ ವಾಚನಗಳು ಹಾಗೇ ತಪ್ಪಿಹೋಗುತ್ತವೆ.

ಒಡಂಬಡಿಕೆಯ ದಾರಿಯಲ್ಲಿ ಓದುವುದೆಂದರೆ ನೋವ, ಅಬ್ರಹಾಮ, ಮೋಶೆ, ದಾವೀದ, ಯೇಸುಸ್ವಾಮಿ ಎಂಬ ಐದು ಕಡೆ ನಿಂತು ನೋಡುವುದು. ದೇವರು ಇಲ್ಲಿ ಯಾರ ಜೊತೆ ಸಂಬಂಧ ಕಟ್ಟಿದರು, ಏನು ಮಾತು ಕೊಟ್ಟರು, ಗುರುತಾಗಿ ಏನು ಇಟ್ಟರು? ಈ ಮೂರು ಪ್ರಶ್ನೆ ಸಾಕು. ಇದು ಬರೀ ಕರಾರಲ್ಲ. ಮಂಡಿಯಲ್ಲಿ ಅಡಿಕೆ ಮಾರಿದರೆ ಲೆಕ್ಕ ಚುಕ್ತಾ ಆದ ಮೇಲೆ ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ. ಮದುವೆಯಾದರೆ ಎರಡು ಮನೆಗಳೇ ನೆಂಟರಾಗುತ್ತವೆ. ದೇವರು ಮಾಡಿದ್ದು ಈ ಎರಡನೆಯದನ್ನು.

ಉದಾಹರಣೆಗೆ ಆದಿಕಾಂಡ 15ನೇ ಅಧ್ಯಾಯ ತೆಗೆಯಿರಿ. ಆಗಿನ್ನೂ ಅಬ್ರಹಾಮನ ಹೆಸರು ಅಬ್ರಾಮ. ಮೂರು ವರ್ಷದ ಕಡಸು, ಆಡು, ಟಗರು, ಜೊತೆಗೆ ಒಂದು ಬೆಳವಕ್ಕಿ, ಒಂದು ಪಾರಿವಾಳದ ಮರಿ ತರುತ್ತಾನೆ. ಪ್ರಾಣಿಗಳನ್ನು ಸೀಳಿ ಎದುರುಬದುರು ಇಡುತ್ತಾನೆ. ಹಕ್ಕಿಗಳನ್ನು ಸೀಳುವುದಿಲ್ಲ. ಹದ್ದುಗಳು ಎರಗಿದಾಗ ಓಡಿಸುತ್ತಾ ಕೂರುತ್ತಾನೆ. ಹೊತ್ತು ಮುಳುಗುವಾಗ ಅವನಿಗೆ ಗಾಢ ನಿದ್ದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆ, ಉರಿಯುವ ಪಂಜು ಆ ಹೋಳುಗಳ ನಡುವೆ ದಾಟಿಹೋಗುತ್ತವೆ.

ದೃಢೀಕರಣ ಸಂಸ್ಕಾರಕ್ಕೆ ತಯಾರಾಗುತ್ತಿದ್ದ ನನ್ನ ಅಣ್ಣನ ಮಗಳು ಇದನ್ನು ಓದಿ, "ಅತ್ತೆ, ಅಬ್ರಹಾಮ ಯಾಕೆ ನಡುವೆ ಹೋಗಲೇ ಇಲ್ಲ?" ಎಂದು ಕೇಳಿದಳು. ಸರಿಯಾದ ಜಾಗಕ್ಕೇ ಕೈ ಹಾಕಿದ್ದಳು. ಯೆರೆಮೀಯ 34ರಲ್ಲಿ ಈ ಪದ್ಧತಿ ಇನ್ನೊಮ್ಮೆ ಬರುತ್ತದೆ. ಹೋಳುಗಳ ನಡುವೆ ನಡೆದವರು ಮಾತು ಮುರಿದರೆ ಆ ಪ್ರಾಣಿಯ ಗತಿಯೇ ಅವರದ್ದು. ಇಲ್ಲಿ ಅಬ್ರಾಮನನ್ನು ಮಲಗಿಸಿ, ಆ ಒಲೆ, ಪಂಜಿನ ರೂಪದಲ್ಲಿ ದೇವರೊಬ್ಬರೇ ನಡುವೆ ಹೋದರು. ಮಾತಿನ ಭಾರವನ್ನೆಲ್ಲ ತಾವೇ ಹೊತ್ತರು. ಇದು ಗೊತ್ತಾದ ಮೇಲೆ ಶಿಲುಬೆಯನ್ನು ನೋಡುವ ರೀತಿಯೇ ಬೇರೆಯಾಗುತ್ತದೆ, ಅಲ್ವಾ?

ಮುಂದಿನದು ಸಿನಾಯಿ ಬೆಟ್ಟ. ವಿಮೋಚನಾಕಾಂಡ 24ರಲ್ಲಿ ಮೋಶೆ ಬಲಿಯ ರಕ್ತದಲ್ಲಿ ಅರ್ಧವನ್ನು ಪೀಠದ ಮೇಲೆ ಚಿಮುಕಿಸುತ್ತಾನೆ. ಒಡಂಬಡಿಕೆಯ ಗ್ರಂಥ ಓದುತ್ತಾನೆ, ಜನ ಒಪ್ಪುತ್ತಾರೆ. ಉಳಿದ ರಕ್ತವನ್ನು ಜನರ ಮೇಲೆ ಚಿಮುಕಿಸಿ, ಇದು ಒಡಂಬಡಿಕೆಯ ರಕ್ತ ಎನ್ನುತ್ತಾನೆ. ಆಮೇಲೆ 70 ಹಿರಿಯರು ಬೆಟ್ಟ ಹತ್ತಿ ದೇವರ ಸನ್ನಿಧಿಯಲ್ಲಿ ಊಟ ಮಾಡುತ್ತಾರೆ. ಕಡೆಯ ಭೋಜನದಲ್ಲಿ ಯೇಸುಸ್ವಾಮಿ ಪಾತ್ರೆ ಹಿಡಿದು ಆಡಿದ್ದು ಇದೇ ಮಾತನ್ನು. ಆದರೆ ಈ ಸಲ ರಕ್ತ ತಮ್ಮದೇ. ಪ್ರತಿ ಪೂಜೆಯಲ್ಲೂ ಗುರುಗಳು ಪಾತ್ರೆ ಎತ್ತುವಾಗ ನಾವು ಕೇಳುವುದೂ ಇದನ್ನೇ. ಎಷ್ಟೋ ವರ್ಷ ಕೇಳಿದ ಮಾತು ಎಲ್ಲಿಂದ ಬಂತು ಎಂದು ಈ ದಾರಿಯಲ್ಲಿ ತಿಳಿದಷ್ಟು ಸ್ಪಷ್ಟವಾಗಿ ನನಗೆ ಬೇರೆ ಯಾವ ದಾರಿಯಲ್ಲೂ ತಿಳಿಯಲಿಲ್ಲ. ಯಾಜಕಕಾಂಡಕ್ಕೂ ಈಗ ಧೈರ್ಯವಾಗಿ ಮರಳಬಹುದು. ಒಡಂಬಡಿಕೆಗೆ ಸೇರಿದ ಜನ ಹೇಗೆ ಬಾಳಬೇಕು ಎನ್ನುವುದೇ ಅದರ ವಿಷಯ.

ಕೊರತೆಗಳೂ ಇವೆ. ಯೋಬ, ಜ್ಞಾನೋಕ್ತಿ, ತೊಬೀತ ಇಂಥ ಗ್ರಂಥಗಳು ಈ ಸಾಲಿನಲ್ಲಿ ಸಿಗುವುದಿಲ್ಲ. ನೋವು ತಿನ್ನುತ್ತಿರುವ ಮನುಷ್ಯನಿಗೆ ದಾವೀದನ ಸಿಂಹಾಸನಕ್ಕಿಂತ ಯೋಬನೇ ಮೊದಲು ಬೇಕಾಗಬಹುದು. ಒಡಂಬಡಿಕೆಗಳು ಎಷ್ಟು ಎನ್ನುವ ಲೆಕ್ಕದಲ್ಲೂ ಒಮ್ಮತವಿಲ್ಲ. ಕೆಲವರು ಆದಾಮನಿಂದ ಎಣಿಸುತ್ತಾರೆ, ಆದರೆ ಆ ಪದ ಮೊದಲು ಬರುವುದು ನೋವನ ಕಥೆಯಲ್ಲಿ. ಹೊಸದು ಬಂತು, ಹಳೆಯದು ರದ್ದಾಯಿತು ಎಂದುಕೊಳ್ಳುವ ಅಪಾಯವೂ ಇದೆ. ಹಳೆಯ ಒಡಂಬಡಿಕೆ ಎಂದೂ ರದ್ದಾಗಿಲ್ಲ ಎಂದು ಕಥೋಲಿಕ ಧರ್ಮಸಭೆಯ ಬೋಧನೆಯ ಗ್ರಂಥವಾದ ಕ್ಯಾಟೆಕಿಸಂ 121ನೇ ಪರಿಚ್ಛೇದದಲ್ಲಿ ನೇರವಾಗಿಯೇ ಹೇಳುತ್ತದೆ.

ಹಾಗಾಗಿ ಇದನ್ನು ಭಾನುವಾರದ ವಾಚನಗಳ ಜೊತೆ ಸೇರಿಸಿ ಓದಿ. ಮೊದಲಿಗೆ ಹತ್ತು ಅಧ್ಯಾಯ ಸಾಕು. ಆದಿಕಾಂಡ 9, 15, 17, 22. ವಿಮೋಚನಾಕಾಂಡ 19, 20, 24. ದೇವರಿಗೆ ಮನೆ ಕಟ್ಟಲು ಹೊರಟ ದಾವೀದನಿಗೆ ದೇವರೇ ಮನೆತನ ಕಟ್ಟಿಕೊಡುವ ಮಾತು ಕೊಡುವುದು ಸಮುವೇಲನ ಎರಡನೆಯ ಗ್ರಂಥ 7ರಲ್ಲಿ. ಹೃದಯದಲ್ಲಿ ಬರೆಯುವ ಹೊಸ ಒಡಂಬಡಿಕೆ ಯೆರೆಮೀಯ 31ರಲ್ಲಿ. ಕಡೆಗೆ ಲೂಕ 22. ಬಿ ವರ್ಷದಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಭಾನುವಾರಗಳಲ್ಲಿ ಧರ್ಮಸಭೆಯೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಕರೆದೊಯ್ಯುತ್ತದೆ. ಮೊದಲ ವಾರ ನೋವ, ಎರಡನೇ ವಾರ ಅಬ್ರಹಾಮ ಮತ್ತು ಇಸಾಕ, ಮೂರನೇ ವಾರ ಹತ್ತು ಕಟ್ಟಳೆ, ಐದನೇ ವಾರ ಯೆರೆಮೀಯ 31. 2024ರಲ್ಲಿ ಹಾಗೆ ಬಂದಿತ್ತು. ಮತ್ತೆ ಬರುವುದು 2027ರಲ್ಲಿ. ಅಷ್ಟರೊಳಗೆ ಈ ಹತ್ತು ಅಧ್ಯಾಯ ಓದಿಕೊಂಡವರಿಗೆ ಆ ವಾಚನಗಳು ಬಿಡಿ ತುಂಡುಗಳಾಗಿ ಕೇಳಿಸುವುದಿಲ್ಲ.